ಹೊಗೆಸೊಪ್ಪಿನ ಕುಲಗೋತ್ರ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿದರೆ ಎರಡೂ ಬದಿಗೆ ಹೊಗೆಸೊಪ್ಪಿನ ಹೊಲಗಳು ಕಾಣಸಿಗುತ್ತವೆ. ಹೊಲದ ಅಂಚಿಗೆ, ಊರ ಹಿತ್ತಿಲಿಗೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಸಣ್ಣ ಕಟ್ಟಡಗಳು. ಅವೇ ಬ್ಯಾರನ್‌ಗಳು. ಪಿರಿಯಾಪಟ್ಟಣ ಕಳೆದು ಬೈಲಕುಪ್ಪೆಗೆ ಬಂದರೆ ದೃಶ್ಯ ಸ್ವಲ್ಪ ಬದಲಾಗುತ್ತದೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆನಿಂತ ಟಿಬೆಟನ್ನರು ಅಲ್ಲಿ ಹೆಚ್ಚಾಗಿ ಮುಸುಕಿನ ಜೋಳ ಬೆಳೆಯುತ್ತಾರೆ. ಇನ್ನು ಕೆಲವೇ ಮೈಲಿ ಮುಂದೆ ಕಾವೇರಿ ದಾಟಿದರೆ ಕೊಡಗು. ಕಾಫಿ, ಕರಿಮೆಣಸು, ಅಡಿಕೆ.

ಒಂದು ಗಂಟೆಯ ದಾರಿಯಲ್ಲಿ ಸಿಗುವ ಈ ಬೆಳೆಗಳನ್ನು ಸಸ್ಯಶಾಸ್ತ್ರದವರು ಬೇರೆ ಬೇರೆ ಕುಟುಂಬಗಳಿಗೆ ಸೇರಿಸುತ್ತಾರೆ. ಹೊಗೆಸೊಪ್ಪು ಬದನೆ, ಆಲೂಗಡ್ಡೆಯ ನೆಂಟ. ಅಡಿಕೆ ತೆಂಗಿನ ನೆಂಟ. ಮೆಣಸು ವೀಳ್ಯದೆಲೆಯ ಒಡಹುಟ್ಟು. ರಸಾಯನಶಾಸ್ತ್ರದವರ ವಂಶಾವಳಿಯೇ ಬೇರೆ. ಹೊಗೆಸೊಪ್ಪಿನ ನಿಕೋಟಿನ್, ಕಾಫಿಯ ಕೆಫೀನ್, ಮೆಣಸಿನ ಪೈಪರಿನ್, ಅಡಿಕೆಯ ಅರೆಕೋಲಿನ್ ಈ ನಾಲ್ಕನ್ನೂ ಅವರು ಆಲ್ಕಲಾಯ್ಡ್ ಎಂಬ ಒಂದೇ ಮನೆತನದಲ್ಲಿ ಕೂರಿಸುತ್ತಾರೆ. ಈ ಎರಡನೆಯ ವಂಶಾವಳಿ ಹೇಗೆ ಬಂತು, ಅದನ್ನು ತಿಳಿದು ನಮಗೇನಾಗಬೇಕು ಎಂಬುದನ್ನು ಇಲ್ಲಿ ನೋಡೋಣ. ಹತ್ತನೇ ತರಗತಿಯ ಮಕ್ಕಳು ಕ್ರಿಯಾಗುಂಪು, ಅನುರೂಪ ಶ್ರೇಣಿ ಎಂದು ಬಾಯಿಪಾಠ ಮಾಡುವ ಪಾಠದ ಹಿಂದೆ ಒಂದು ದೊಡ್ಡ ಜಗಳದ ಚರಿತ್ರೆಯಿದೆ. ಅದರ ಒಂದು ಎಳೆ ನಮ್ಮ ವಿಜಾಪುರದ ಮೂಲಕವೂ ಹಾದುಹೋಗಿದೆ.

ವಸ್ತುಗಳನ್ನು ಗುಂಪು ಮಾಡುವ ಚಟ ಮನುಷ್ಯನಿಗೆ ಹಳೆಯದು. ಬೈಲಕುಪ್ಪೆಯ ಟಿಬೆಟನ್ ವೈದ್ಯರು ಓದುವ ಪ್ರಾಚೀನ ಗ್ರಂಥ ಮದ್ದುಗಳನ್ನು ಆರು ರುಚಿಗಳಿಂದ ವಿಂಗಡಿಸುತ್ತದೆ; ನಮ್ಮ ಆಯುರ್ವೇದದ ಷಡ್ರಸಗಳಿಗೂ ಅದಕ್ಕೂ ನಂಟಿದೆ. ಯುನಾನಿ ಹಕೀಮರ ಲೆಕ್ಕ ಮಿಜಾಜಿನದು: ಬಿಸಿ, ತಂಪು, ಒಣ, ತೇವ, ಅವುಗಳಲ್ಲಿ ಮತ್ತೆ ಒಂದರಿಂದ ನಾಲ್ಕರವರೆಗೆ ದರ್ಜೆಗಳು. ಇವೆಲ್ಲ ಒಂದು ವಸ್ತು ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ನೋಡಿ ಮಾಡಿದ ವಿಂಗಡಣೆಗಳು. ಇವನ್ನು ಹಳತೆಂದು ತಳ್ಳಿಹಾಕುವವರ ಗುಂಪಿನಲ್ಲಿ ನಾವಿಲ್ಲ.

ಪ್ರಯೋಗಾಲಯದ ವಿಂಗಡಣೆಗೆ ದಾರಿ ತೋರಿದವರಲ್ಲಿ ಸುಮಾರು ಕ್ರಿ.ಶ. 925ರಲ್ಲಿ ತೀರಿಕೊಂಡ ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ಅರ್ರಾಝಿ ಮುಖ್ಯರು. ಭಟ್ಟಿ, ಮೂಸೆ, ಜರಡಿಗಳ ನಡುವೆ ಕೆಲಸ ಮಾಡಿದ ಈ ವೈದ್ಯರು ತಮ್ಮ 'ಕಿತಾಬುಲ್ ಅಸ್ರಾರ್'ನಲ್ಲಿ ಪದಾರ್ಥಗಳನ್ನು ಖನಿಜ, ಸಸ್ಯ, ಪ್ರಾಣಿ ಎಂದು ಬೇರ್ಪಡಿಸಿದರು. ಖನಿಜಗಳಲ್ಲಿ ಮತ್ತೆ ಲೋಹ, ಕಲ್ಲು, ಉಪ್ಪು ಮುಂತಾದ ಒಳಗುಂಪುಗಳು. ಯುರೋಪಿನ ರಸಾಯನಶಾಸ್ತ್ರ ಬಹಳ ಕಾಲ ನಡೆದದ್ದು ಇದೇ ಮೂರು ಮನೆಗಳ ಲೆಕ್ಕದಲ್ಲಿ. ಅರಬರ ಭಟ್ಟಿಯ ಗುರುತು ಆ ಶಾಸ್ತ್ರದ ನಾಲಿಗೆಯ ಮೇಲೆ ಇಂದಿಗೂ ಇದೆ. 'ಅಲ್ ಕಲಿ' ಎಂದರೆ ಗಿಡ ಸುಟ್ಟ ಬೂದಿ; ಅದರಿಂದ ಆಲ್ಕಲಿ. 'ಅಲ್ ಕುಹ್ಲ್' ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ; ನುಣ್ಣಗಿನ ಪುಡಿಗೆ ಇದ್ದ ಹೆಸರು ಸತ್ವಕ್ಕೆ, ಅಲ್ಲಿಂದ ದ್ರಾಕ್ಷಾರಸ ಭಟ್ಟಿ ಇಳಿಸಿದ ಸತ್ವಕ್ಕೆ ಜಾರಿ ಆಲ್ಕೋಹಾಲ್ ಆಯಿತು.

ಆದರೆ ಸಸ್ಯದ್ದು, ಪ್ರಾಣಿಯದ್ದು ಎನ್ನುವುದು ಹುಟ್ಟಿದ ಮನೆಯನ್ನು ಕೇಳುವ ವಿಂಗಡಣೆ. ಎಲ್ಲಿಂದ ಬಂದೆ ಎನ್ನುವುದೇ ಅದರ ಪ್ರಶ್ನೆ. ಹೊಸ ವಸ್ತುವೊಂದು ಬಾಗಿಲಿಗೆ ಬಂದಾಗ ಇಂಥ ಪ್ರಶ್ನೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಹೊಗೆಸೊಪ್ಪೇ ಸಾಕ್ಷಿ.

ಅಮೆರಿಕದ ಈ ಗಿಡವನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅಕ್ಬರ್ ಬಾದಶಹನ ದೂತನಾಗಿ ಆದಿಲ್‌ಶಾಹಿಗಳ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ ಅಲ್ಲಿ ಮೊದಲ ಬಾರಿ ಹೊಗೆಸೊಪ್ಪು ಕಂಡ. ಉತ್ತರದಲ್ಲಿ ಅಂಥದ್ದನ್ನು ನೋಡಿರಲಿಲ್ಲವೆಂದು ಒಂದಿಷ್ಟು ಕಟ್ಟಿಕೊಂಡು, ರತ್ನ ಕೂರಿಸಿದ ಚಿಲುಮೆಯೊಂದನ್ನೂ ಮಾಡಿಸಿ, 1604ರ ಸುಮಾರಿಗೆ ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮರು ತಡೆದರು. ನಮ್ಮ ಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ, ಪರೀಕ್ಷೆಯಾಗದ ಮದ್ದನ್ನು ಬಾದಶಹರಿಗೆ ಹೇಗೆ ಕೊಡುವುದು ಎನ್ನುವುದು ಅವರ ವಾದ. ಎಲ್ಲ ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು, ಪರಂಗಿಗಳಲ್ಲೂ ವಿದ್ವಾಂಸರಿದ್ದಾರೆ ಎಂದು ಅಸದ್ ಬೇಗ್ ಮರುವಾದಿಸಿದ. ಬಾದಶಹ ಮೆಚ್ಚಿದ್ದು ಅಸದ್ ಬೇಗನ ಮಾತನ್ನು. ಸರದಾರರು ಚಿಲುಮೆ ಹಿಡಿದರು, ವ್ಯಾಪಾರಿಗಳು ತರಿಸಿಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸಿದ, ಅದು ನಿಲ್ಲಲಿಲ್ಲ. ನಮಗೆ ಅನಿಸುವುದು, ಆ ಚರ್ಚೆಯಲ್ಲಿ ಚಂದದ ಮಾತು ಅಸದ್ ಬೇಗನದು, ಸರಿಯಾದ ಮಾತು ಹಕೀಮರದು. ಆದರೆ ಹಕೀಮರ ಕೈಯಲ್ಲಿ ಗ್ರಂಥವಿತ್ತೇ ಹೊರತು ಎಲೆಯೊಳಗೆ ಇರುವುದೇನೆಂದು ತೋರಿಸುವ ಉಪಾಯ ಇರಲಿಲ್ಲ.

ಆ ಉಪಾಯ ಕೂಡಿಬರಲು ಇನ್ನೂ 200 ವರ್ಷ ಬೇಕಾಯಿತು. 1800ರ ಆಸುಪಾಸಿನಲ್ಲೂ ಯುರೋಪಿನ ವಿದ್ವಾಂಸರು ಹುಟ್ಟಿದ ಮನೆಯ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. ಜೀವಿಗಳಿಂದ ಬಂದದ್ದು ಸಾವಯವ, ಕಲ್ಲುಮಣ್ಣಿನಿಂದ ಬಂದದ್ದು ನಿರವಯವ. ಸಾವಯವ ವಸ್ತುವನ್ನು ಮಾಡಲು ಜೀವಶಕ್ತಿಯೇ ಬೇಕು ಎಂಬ ನಂಬಿಕೆ ಅನೇಕರಲ್ಲಿತ್ತು. 1828ರಲ್ಲಿ ಜರ್ಮನಿಯ ಫ್ರೆಡರಿಕ್ ವೋಲರ್ ಯೂರಿಯಾವನ್ನು ಗಾಜಿನ ಪಾತ್ರೆಯಲ್ಲಿ, ಮೂತ್ರಪಿಂಡದ ಹಂಗಿಲ್ಲದೆ, ಅಮೋನಿಯಂ ಸಯನೇಟ್ ಎಂಬ ಲವಣದಿಂದ ಮಾಡಿ ತೋರಿಸಿದ. ಇಂದು ರೈತರು ಚೀಲದಲ್ಲಿ ತಂದು ಹೊಲಕ್ಕೆ ಎರಚುವ ಯೂರಿಯಾವೇ ಅದು. ಜೀವಶಕ್ತಿಯ ವಾದ ಅಂದೇ ಸತ್ತಿತು ಎಂದು ಪಠ್ಯಪುಸ್ತಕಗಳು ಬರೆಯುತ್ತವೆ. ಅಷ್ಟು ಬೇಗ ಅದು ಸಾಯಲಿಲ್ಲ, ಆದರೆ ಗೋಡೆಯಲ್ಲಿ ಬಿರುಕು ಬಿತ್ತು. ಅದೇ 1828ರಲ್ಲಿ ಹೈಡಲ್‌ಬರ್ಗ್‌ನ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಹೊಗೆಸೊಪ್ಪಿನಿಂದ ನಿಕೋಟಿನ್ನನ್ನು ಶುದ್ಧವಾಗಿ ಬೇರ್ಪಡಿಸಿದರು. ಎಣ್ಣೆಯಂಥ ದ್ರವ, ಘಾಟು ವಾಸನೆ, ಮಹಾವಿಷ.

ಅದರ ಗೋತ್ರ ಆಗಲೇ ಸಿದ್ಧವಾಗಿತ್ತು. ಅಫೀಮಿನಿಂದ ಮಾರ್ಫಿನ್, ಮೆಣಸಿನಿಂದ ಪೈಪರಿನ್, ಕಾಫಿಯಿಂದ ಕೆಫೀನ್, ಸಿಂಕೋನದಿಂದ ಕ್ವಿನೈನ್ ಎಲ್ಲವೂ 1820ರೊಳಗೆ ಸಿಕ್ಕಿದ್ದವು. ಗಿಡದಲ್ಲಿದ್ದೂ ಆಮ್ಲದಂತೆ ವರ್ತಿಸದೆ, ಬೂದಿಯ ಕ್ಷಾರದಂತೆ ಆಮ್ಲದೊಡನೆ ಕೂಡಿ ಉಪ್ಪಾಗುವ ಈ ವಸ್ತುಗಳಿಗೆ 1819ರಲ್ಲಿ ಮೈಸ್ನರ್ ಎಂಬ ಔಷಧ ವ್ಯಾಪಾರಿ ಆಲ್ಕಲಾಯ್ಡ್ ಎಂದು ಹೆಸರಿಟ್ಟ. ಕ್ಷಾರದಂಥದ್ದು ಎಂದು ಅರ್ಥ, ಕನ್ನಡದಲ್ಲಿ ಸಸ್ಯಕ್ಷಾರ. ಹುಟ್ಟಿದ ಮನೆಯ ಜೊತೆಗೆ ನಡತೆಯನ್ನೂ ಕೇಳುವ ವಿಂಗಡಣೆ ಹೀಗೆ ಶುರುವಾಯಿತು. ಈ ನಡತೆಗೆ ಕಾರಣ ಅವುಗಳೊಳಗಿನ ಸಾರಜನಕದ ಪರಮಾಣು ಎಂಬುದು ಆಮೇಲೆ ತಿಳಿಯಿತು.

ಬೇರೆ ವಸ್ತುಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚಿತ್ತು. ಸಾವಯವ ರಸಾಯನಶಾಸ್ತ್ರ ತನಗೆ ಹೊರದಾರಿ ಕಾಣದ ದಟ್ಟ ಕಾಡಿನಂತೆ ತೋರುತ್ತದೆ ಎಂದು ವೋಲರ್ 1835ರಲ್ಲಿ ತನ್ನ ಗುರು ಬರ್ಜೀಲಿಯಸ್‌ಗೆ ಬರೆದುಕೊಂಡ. ಕಾಕನಕೋಟೆಯ ಕಾಡಿನಲ್ಲಿ ದಾರಿ ತಪ್ಪಿದವರಿಗೆ ಈ ಮಾತು ಬೇಗ ಅರ್ಥವಾದೀತು. ಎಷ್ಟು ಇಂಗಾಲ, ಎಷ್ಟು ಜಲಜನಕ, ಎಷ್ಟು ಆಮ್ಲಜನಕ ಎಂದು ತೂಗಿ ಎಣಿಸುವುದನ್ನು ಎಲ್ಲರೂ ಕಲಿತಿದ್ದರು. ಎಣಿಕೆಯೂ ಕೈಕೊಟ್ಟಿತು. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಸೇರಿದರೆ ಹೆಂಡದೊಳಗಿನ ಆಲ್ಕೋಹಾಲ್ ಆಗಬಹುದು, ಈಥರ್ ಜಾತಿಯ ಅನಿಲವೂ ಆಗಬಹುದು. ಪರಮಾಣುಗಳು ಅಷ್ಟೇ, ನಂಟು ಕಟ್ಟಿದ ರೀತಿ ಬೇರೆ.

ಕಾಡಿನಲ್ಲಿ ಕಾಲುದಾರಿ ಮೂಡಿದ್ದು ಹಲವರ ನಡಿಗೆಯಿಂದ. ವೋಲರ್ ಮತ್ತು ಲೀಬಿಗ್ 1832ರಲ್ಲಿ ಕಹಿಬಾದಾಮಿಯ ಎಣ್ಣೆಯ ಮೇಲೆ ಒಂದಾದ ಮೇಲೊಂದು ಪ್ರಯೋಗ ನಡೆಸಿ, ಎಷ್ಟೇ ಬದಲಾವಣೆಯಾದರೂ ಚೆದುರದೆ ಜೊತೆಯಾಗಿ ಓಡಾಡುವ ಪರಮಾಣುಗಳ ತಂಡವೊಂದನ್ನು ಗುರುತಿಸಿದರು. ಫ್ರಾನ್ಸಿನ ಡ್ಯೂಮಾ ವಿನೆಗರಿನ ಆಮ್ಲದಲ್ಲಿನ ಮೂರು ಜಲಜನಕ ಕಿತ್ತು ಕ್ಲೋರಿನ್ ಕೂರಿಸಿದರೂ ಅದು ಆಮ್ಲವಾಗಿಯೇ ಉಳಿಯುವುದನ್ನು ತೋರಿಸಿದ. ನಲವತ್ತನೇ ವಯಸ್ಸಿಗೇ ಸತ್ತ ಗೆರಾರ್ಡ್ 1840ರ ದಶಕದಲ್ಲಿ ಅನುರೂಪ ಶ್ರೇಣಿಯ ವಿಚಾರವನ್ನು ನೆಲೆಗೊಳಿಸಿದ. ಇದನ್ನು ಒಂದು ಉದಾಹರಣೆಯಿಂದ ಹೇಳಬೇಕು. ಕೆಂಜಿಗ ಕಚ್ಚಿದಾಗ ಉರಿಸುವುದು ಫಾರ್ಮಿಕ್ ಆಮ್ಲ. ವಿನೆಗರಿನಲ್ಲಿರುವುದು ಅಸಿಟಿಕ್ ಆಮ್ಲ. ಬೆಣ್ಣೆ ಕೆಟ್ಟಾಗ ಬರುವ ಕಮಟು ಬ್ಯುಟಿರಿಕ್ ಆಮ್ಲದ್ದು. ಒಂದು ಇರುವೆಯಿಂದ, ಒಂದು ಹುಳಿತ ರಸದಿಂದ, ಒಂದು ಹಸುವಿನಿಂದ ಬಂದದ್ದು. ಹೆಸರುಗಳೂ ಲ್ಯಾಟಿನ್ನಿನ ಇರುವೆ, ವಿನೆಗರ್, ಬೆಣ್ಣೆಗಳಿಂದ ಹುಟ್ಟಿದವು. ಆದರೆ ಮೂರರ ತುದಿಯಲ್ಲೂ ಇರುವುದು ಒಂದು ಇಂಗಾಲ, ಎರಡು ಆಮ್ಲಜನಕ, ಒಂದು ಜಲಜನಕದ ಒಂದೇ ಗುಂಪು. ಅದರ ಹಿಂದಿನ ಬಾಲ ಮಾತ್ರ ಒಂದೊಂದೇ ಇಂಗಾಲದ ಕೊಂಡಿಯಿಂದ ಉದ್ದವಾಗುತ್ತದೆ. ಆ ತುದಿಯ ಗುಂಪೇ ಕ್ರಿಯಾಗುಂಪು. ಮೂರೂ ಕಾರ್ಬಾಕ್ಸಿಲಿಕ್ ಆಮ್ಲ ಎಂಬ ಒಂದೇ ಕುಟುಂಬದವು. ಹುಟ್ಟಿನ ಪ್ರಶ್ನೆ ಇಲ್ಲಿಗೆ ಹಿಂದೆ ಸರಿಯಿತು.

ಇಂಗಾಲಕ್ಕೆ ನಾಲ್ಕು ಕೈಗಳಿವೆ, ಅದು ತನ್ನವರೊಂದಿಗೇ ಕೈಹಿಡಿದು ಸರಪಳಿ ಕಟ್ಟಬಲ್ಲದು ಎಂದು ಕೆಕುಲೆ, ಕೂಪರ್ ಇಬ್ಬರೂ 1858ರಲ್ಲಿ ಹೇಳಿದ ಮೇಲೆ ಈ ಕುಟುಂಬಗಳಿಗೆ ತಳಪಾಯ ಸಿಕ್ಕಿತು. 1892ರಲ್ಲಿ ಜಿನೀವಾದಲ್ಲಿ ಸೇರಿದ ರಸಾಯನಜ್ಞರು ಹೆಸರಿನ ಬಾಲದಲ್ಲೇ ಮನೆತನ ತಿಳಿಯುವಂತೆ ನಿಯಮ ಮಾಡಿದರು. 'ಆಲ್' ಎಂದು ಮುಗಿದರೆ ಆಲ್ಕೋಹಾಲ್, 'ಓನ್' ಎಂದರೆ ಕೀಟೋನ್, ಹೀಗೆ. ಮರುವರ್ಷ ಪಿನ್ನರ್ ನಿಕೋಟಿನ್ನಿನ ಒಳರಚನೆಯನ್ನು ಬಿಡಿಸಿದ: ಒಂದಕ್ಕೊಂದು ಅಂಟಿಕೊಂಡ ಎರಡು ಉಂಗುರಗಳು, ಎರಡರಲ್ಲೂ ಒಂದೊಂದು ಸಾರಜನಕ. 1904ರಲ್ಲಿ ಅದೇ ಜಿನೀವಾದ ಪಿಕ್ಟೆ ಅದನ್ನು ಕೃತಕವಾಗಿ ಕಟ್ಟಿದ.

ಒಂದು ವಸ್ತು ಒಂದೇ ಕುಟುಂಬಕ್ಕೆ ಸೇರಬೇಕೆಂಬ ನಿಯಮ ಇಲ್ಲಿಲ್ಲ ಎನ್ನುವುದನ್ನೂ ಹೇಳಬೇಕು. ಹುಣಸೂರು, ಹೆಗ್ಗಡದೇವನಕೋಟೆಯ ಕಾಡುಗಳ ಶ್ರೀಗಂಧವನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ನಿಂತುಹೋದಾಗ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯಲು ನಿರ್ಧರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ನಡೆಸಿದರು, 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆ ಎದ್ದಿತು. ಆ ಎಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಇಂಗಾಲದ ಅಸ್ಥಿಪಂಜರದಿಂದ ಟರ್ಪೀನ್ ಮನೆತನದ್ದು, ತುದಿಯ ಓಎಚ್ ಗುಂಪಿನಿಂದ ಆಲ್ಕೋಹಾಲ್ ಮನೆತನದ್ದು. ಸೋಪಿನ ಗ್ಲಿಸರಿನ್, ನಮ್ಮ ರಕ್ತದಲ್ಲಿರುವ ಕೊಲೆಸ್ಟೆರಾಲ್ ಕೂಡ ಆಲ್ಕೋಹಾಲ್‌ಗಳೇ. ಕ್ರೀಮಿನ ಡಬ್ಬಿಯ ಮೇಲೆ ಸಿಟೈಲ್ ಆಲ್ಕೋಹಾಲ್ ಎಂದು ಓದಿ ಗಾಬರಿಯಾಗುವವರನ್ನು ನಾವು ಕಂಡಿದ್ದೇವೆ. ಅದು ಮೇಣದಂಥ ಘನವಸ್ತು. ಅಮಲೇರಿಸುವುದು ಆ ಕುಟುಂಬದ ಗುಣವಲ್ಲ, ಅದರ ಒಬ್ಬ ಸದಸ್ಯನ ಗುಣ.

ಹೊಗೆಸೊಪ್ಪಿಗೆ ಮರಳೋಣ. ಈ ಕುಟುಂಬಗಳ ಗುಣ ಕಣ್ಣಾರೆ ಕಾಣಬೇಕಾದರೆ ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ಎಲೆಅಡಿಕೆ ತಟ್ಟೆ ಸಾಕು. ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ತಿಕ್ಕಿ ದವಡೆಗಿಡುವವರು ಏಕೆ ಹಾಗೆ ಮಾಡುತ್ತಾರೆ? ಎಲೆಯಲ್ಲಿ ನಿಕೋಟಿನ್ ಆಮ್ಲಗಳೊಡನೆ ಕೂಡಿ ಉಪ್ಪಾಗಿ ಕೂತಿರುತ್ತದೆ. ಸುಣ್ಣ ಅದಕ್ಕಿಂತ ಬಲವಾದ ಕ್ಷಾರ. ಅದು ಆಮ್ಲವನ್ನು ತಾನು ಹಿಡಿದುಕೊಂಡು ನಿಕೋಟಿನ್ನನ್ನು ಬಿಡುಗಡೆ ಮಾಡುತ್ತದೆ. ಬಿಡಿಯಾದ ನಿಕೋಟಿನ್ ಬಾಯಿಯ ತೆಳುಚರ್ಮ ದಾಟಿ ಕ್ಷಣದಲ್ಲಿ ರಕ್ತ ಸೇರುತ್ತದೆ. ಹಳ್ಳಿಯ ಅಜ್ಜಿಗೆ ಗೊತ್ತಿದ್ದ ಈ ಸಂಗತಿಯನ್ನು ಆಲ್ಕಲಾಯ್ಡ್ ಎಂಬ ಕುಟುಂಬನಾಮ ವಿವರಿಸುತ್ತದೆ. ಅಡಿಕೆಯ ಅರೆಕೋಲಿನ್ ಆಲ್ಕಲಾಯ್ಡೂ ಹೌದು, ಎಸ್ಟರ್ ಕುಟುಂಬದ್ದೂ ಹೌದು. ಎಸ್ಟರ್‌ಗಳನ್ನು ಕ್ಷಾರ ಸೀಳುತ್ತದೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸಾಬೂನು ಮಾಡುವುದು ಇದೇ ತತ್ವದಲ್ಲಿ. ಬಾಯಲ್ಲಿ ಸುಣ್ಣ ಅರೆಕೋಲಿನ್ನನ್ನು ಸೀಳಿ ಅರೆಕೈಡಿನ್ ಮಾಡುತ್ತದೆ. ತುಟಿ ಕೆಂಪಾಗುವುದು ಅಡಿಕೆಯ ಪಾಲಿಫೀನಾಲ್‌ಗಳು ಕ್ಷಾರದಲ್ಲಿ ಗಾಳಿಯೊಡನೆ ಕೂಡುವುದರಿಂದ. ರಂಗು ಚೆಂದವೇ. ಆದರೆ ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ್ದನ್ನು ಮದುವೆ ಮನೆಗಳಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಚರ್ಮ ದಾಟುವ ನಿಕೋಟಿನ್ನಿನ ಈ ಗುಣಕ್ಕೆ ಬೆಲೆ ತೆರುವವರು ಹೊಗೆಸೊಪ್ಪು ತಿನ್ನುವವರಷ್ಟೇ ಅಲ್ಲ. ನಮ್ಮ ಸೀಮೆಯ ಹೊಗೆಸೊಪ್ಪು ಮಳೆಯ ಬೆಳೆ. ಸೊಪ್ಪು ಮುರಿಯುವ ಕೆಲಸ ಬೀಳುವುದು ಮುಂಗಾರಿನ ತಿಂಗಳುಗಳಲ್ಲಿ. ಎಲೆಯ ಮೇಲಿನ ಮಳೆನೀರು, ಇಬ್ಬನಿಯಲ್ಲಿ ಕರಗಿದ ನಿಕೋಟಿನ್ ಅಂಗೈ, ತೋಳು, ಎಲೆಯ ಹೊರೆ ಅವುಚಿದ ಎದೆಯ ಮೂಲಕ ಒಳಗಿಳಿಯುತ್ತದೆ. ತಲೆಸುತ್ತು, ವಾಂತಿ, ನಿಶ್ಶಕ್ತಿ. ಹಸಿ ಹೊಗೆಸೊಪ್ಪಿನ ಕಾಯಿಲೆಯೆಂದೇ ವೈದ್ಯರು ಇದನ್ನು ಹೆಸರಿಸಿದ್ದಾರೆ. ಒಂದು ಬೀಡಿಯನ್ನೂ ಮುಟ್ಟದ ಹೆಣ್ಣುಮಗಳು ಸಂಜೆ ಮನೆಗೆ ಬಂದು ವಾಂತಿ ಮಾಡಿಕೊಂಡರೆ ಬಿಸಿಲಿನ ಝಳ, ಪಿತ್ತ ಎಂದು ಸುಮ್ಮನಾಗುವುದುಂಟು. ಉದ್ದ ತೋಳಿನ ಅಂಗಿ, ಕೈಗವಸು, ಎಲೆ ಒಣಗಿದ ಮೇಲೆ ಮುರಿಯುವುದು, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ತೊಳೆಯುವುದು ಇದಕ್ಕೆ ದಾರಿ. ಮಕ್ಕಳನ್ನಂತೂ ಈ ಕೆಲಸಕ್ಕೆ ಇಳಿಸಲೇಬಾರದು.

ಬ್ಯಾರನ್ನಿನೊಳಗೆ ನಡೆಯುವುದೂ ಕುಟುಂಬಗಳ ಕಥೆಯೇ. ಕಡ್ಡಿಗಳಿಗೆ ಕಟ್ಟಿ ನೇತುಹಾಕಿದ ಎಲೆಯನ್ನು ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಹಳದಿಗೆ ತಿರುಗಿಸಿ, ಕೊನೆಗೆ 70 ಡಿಗ್ರಿಯವರೆಗೆ ಏರಿಸಿ ನಡುದಂಟನ್ನು ಒಣಗಿಸುತ್ತಾರೆ. ಆ ಮೊದಲ ದಿನಗಳಲ್ಲಿ ಎಲೆ ಇನ್ನೂ ಜೀವಂತ; ಅದರ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಒಲೆಯ ಹೊಗೆ ಕೊಳವೆಯಲ್ಲೇ ಹಾದು ಹೊರಹೋಗುವುದರಿಂದ ಎಲೆಗೆ ತಾಕುವುದು ಶಾಖ ಮಾತ್ರ. ಇದು ಎಷ್ಟು ಮುಖ್ಯವೆಂಬುದು ಅಮೆರಿಕದವರಿಗೆ 1990ರ ದಶಕದ ಕೊನೆಯಲ್ಲಿ ತಿಳಿಯಿತು. ಅಲ್ಲಿ ಗ್ಯಾಸ್ ಉರಿಯ ಗಾಳಿಯನ್ನು ನೇರವಾಗಿ ಎಲೆಯ ಮೇಲೆ ಹಾಯಿಸುತ್ತಿದ್ದರು. ಅದರಲ್ಲಿದ್ದ ಸಾರಜನಕದ ಆಕ್ಸೈಡುಗಳು ನಿಕೋಟಿನ್ ಮತ್ತು ಅದರ ದಾಯಾದಿಗಳೊಡನೆ ಕೂಡಿ ನೈಟ್ರೋಸಮೀನ್ ಎಂಬ ಕುಟುಂಬದ ವಸ್ತುಗಳನ್ನು ಹುಟ್ಟಿಸುತ್ತಿದ್ದವು. ಹೊಗೆಸೊಪ್ಪಿನಲ್ಲಿ ಕ್ಯಾನ್ಸರ್ ತರುವ ಬಲವಾದ ವಸ್ತುಗಳಲ್ಲಿ ಇವು ಸೇರಿವೆ. ಹಾಗೆಂದು ಕೊಳವೆ ಬ್ಯಾರನ್ನಿನ ಎಲೆ ನಿರಪಾಯವೆಂದು ತಿಳಿಯಬಾರದು. ಎಲೆಯನ್ನು ಹೊತ್ತಿಸಿದ ಮೇಲೆ ಹುಟ್ಟುವ ವಿಷಗಳ ಪಟ್ಟಿಯೇ ಬೇರೆ ಇದೆ.

ಇದೇ ನಿಕೋಟಿನ್ನಿನಿಂದ ಅಮೃತವೂ ಹುಟ್ಟಿತು ಎಂದರೆ ಓದುಗರು ನಂಬಲಿಕ್ಕಿಲ್ಲ. 19ನೇ ಶತಮಾನದ ರಸಾಯನಜ್ಞರು ನಿಕೋಟಿನ್ನನ್ನು ತೀಕ್ಷ್ಣ ಆಮ್ಲದಲ್ಲಿ ಉತ್ಕರ್ಷಿಸಿದಾಗ ಎರಡು ಉಂಗುರಗಳಲ್ಲಿ ಒಂದು ಸುಟ್ಟುಹೋಗಿ, ಅದಿದ್ದ ಜಾಗದಲ್ಲಿ ವಿನೆಗರಿನ ಮನೆತನದ ಅದೇ ಆಮ್ಲಗುಂಪು ಉಳಿಯಿತು. ಬಂದ ಬಿಳಿ ಹರಳಿಗೆ ತಾಯಿಯ ಹೆಸರನ್ನೇ ಇಟ್ಟು ನಿಕೋಟಿನಿಕ್ ಆಮ್ಲ ಎಂದರು. ಹಲವು ದಶಕ ಅದು ಕಪಾಟಿನ ಶೀಷೆಯಲ್ಲಿತ್ತು. 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹೆಮ್ ಇದೇ ವಸ್ತು ನಾಯಿಗಳ ಕಪ್ಪುನಾಲಿಗೆ ರೋಗವನ್ನು ವಾಸಿಮಾಡುವುದನ್ನು ಕಂಡ. ಮನುಷ್ಯರಲ್ಲಿ ಅದರ ಜೋಡಿ ರೋಗ ಪೆಲ್ಲಾಗ್ರ: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಮುಸುಕಿನ ಜೋಳವನ್ನೇ ತಿಂದು ಬದುಕುವ ಅಮೆರಿಕದ ದಕ್ಷಿಣದ ಬಡವರನ್ನು ಅದು ಸಾವಿರಗಟ್ಟಲೆ ಕೊಂದಿತ್ತು. ನಮ್ಮ ದಖನ್ನಿನಲ್ಲೂ ಜೋಳವೇ ಊಟವಾದ ಬಡ ಕೂಲಿಗಳಲ್ಲಿ ಈ ರೋಗವಿತ್ತು. 1960ರಲ್ಲಿ ಹೈದರಾಬಾದಿನಿಂದ ಸಿ. ಗೋಪಾಲನ್ ಮತ್ತು ಶ್ರೀಕಂಟಿಯ ಅದರ ಮೇಲೆ ಪ್ರಸಿದ್ಧ ಲೇಖನ ಬರೆದರು.

ವಿಚಿತ್ರವೆಂದರೆ ಮುಸುಕಿನ ಜೋಳದಲ್ಲಿ ಈ ವಿಟಮಿನ್ ಇಲ್ಲದಿಲ್ಲ. ಅದು ಎಸ್ಟರ್ ಬಂಧದಲ್ಲಿ ಸಿಲುಕಿ ಕರುಳಿಗೆ ದಕ್ಕದೆ ಹೋಗುತ್ತದೆ. ಮೆಕ್ಸಿಕೋದ ಮೂಲನಿವಾಸಿಗಳು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಿದ್ದರು, ಅವರಿಗೆ ಪೆಲ್ಲಾಗ್ರ ಕಾಡಲಿಲ್ಲ. ಎಲೆಅಡಿಕೆಯಲ್ಲಿ ಎಸ್ಟರನ್ನು ಸೀಳಿದ ಅದೇ ಸುಣ್ಣ ಅಲ್ಲಿ ಅನ್ನದ ಕಟ್ಟು ಬಿಚ್ಚುತ್ತಿತ್ತು. ಜೋಳವನ್ನು ಊರಿಗೆ ಒಯ್ದ ಯುರೋಪಿನವರು ಸುಣ್ಣದ ಪದ್ಧತಿಯನ್ನು ಅಲ್ಲೇ ಬಿಟ್ಟರು.

ಪೆಲ್ಲಾಗ್ರದ ಮದ್ದನ್ನು ಹಿಟ್ಟಿಗೆ ಬೆರೆಸಲು ಹೊರಟಾಗ ಹೆಸರು ಅಡ್ಡ ಬಂತು. ನಿಕೋಟಿನಿಕ್ ಆಮ್ಲವೆಂದರೆ ರೊಟ್ಟಿಗೆ ಹೊಗೆಸೊಪ್ಪು ಬೆರೆಸುತ್ತಾರೆಂದು ಕೆಲವರು ಹೆದರಿಯಾರು, ಸಿಗರೇಟಿನಲ್ಲೂ ವಿಟಮಿನ್ ಇದೆಯೆಂದು ಕೆಲವರು ಹಿಗ್ಗಿಯಾರು. 1942ರಲ್ಲಿ ಅದಕ್ಕೆ ನಯಾಸಿನ್ ಎಂದು ಮರುನಾಮಕರಣವಾಯಿತು. ಹೊಗೆಸೊಪ್ಪು ಸೇದಿದರೆ, ಅಗಿದರೆ ಈ ವಿಟಮಿನ್ ಸಿಗುವುದಿಲ್ಲ. ಒಂದೇ ಉಂಗುರ ಇಬ್ಬರಲ್ಲೂ ಇದೆ, ಉಂಗುರಕ್ಕೆ ಅಂಟಿದ ಗುಂಪು ಬೇರೆ.

ಎಲೆಯಲ್ಲಿ ನಿಕೋಟಿನ್ ಅಲ್ಲದೆ ಇನ್ನೂ ಏನೇನೋ ಇವೆ. 1956ರಲ್ಲಿ ಬೆಳಕಿಗೆ ಬಂದ ಸೊಲನೆಸಾಲ್ ಅವುಗಳಲ್ಲೊಂದು. 45 ಇಂಗಾಲಗಳ ಉದ್ದ ಸರಪಳಿ, ತುದಿಯಲ್ಲಿ ಓಎಚ್. ಗಂಧದೆಣ್ಣೆಯ ಸ್ಯಾಂಟಲಾಲ್‌ನಂತೆ ಇದೂ ಟರ್ಪೀನ್ ಮನೆತನದ ಆಲ್ಕೋಹಾಲ್. ಹೃದಯರೋಗಿಗಳಿಗೂ ಕೊಡುವ ಕೋಎನ್‌ಜೈಮ್ ಕ್ಯು ಹತ್ತನ್ನು ತಯಾರಿಸಲು ಇದು ಕಚ್ಚಾವಸ್ತು. ರಾಜಮಹೇಂದ್ರಿಯಲ್ಲಿ 1947ರಲ್ಲಿ ಸ್ಥಾಪನೆಯಾದ ತಂಬಾಕು ಸಂಶೋಧನಾ ಸಂಸ್ಥೆ, ಮಾರಾಟಕ್ಕೆ ಬಾರದ ಪುಡಿ, ಹರಕು ಎಲೆಗಳಿಂದ ಅದನ್ನು ತೆಗೆಯುವ ಕ್ರಮದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. 2004ರಲ್ಲಿ ಭಾರತ ಒಪ್ಪಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆ, ಬೆಳೆಗಾರರಿಗೆ ಬೇರೆ ಜೀವನೋಪಾಯ ಒದಗಿಸುವಂತೆಯೂ ಸರ್ಕಾರಗಳಿಗೆ ಹೇಳುತ್ತದೆ. ಆ ಮಾತು ಬ್ಯಾರನ್‌ಗಳ ಊರಿಗೆ ಇನ್ನೂ ಸರಿಯಾಗಿ ತಲುಪಿಲ್ಲ. 1984ರಿಂದ ಹರಾಜು ನಡೆಯುತ್ತಿರುವ ತಂಬಾಕು ಮಂಡಳಿಯ ಕಟ್ಟೆಗಳಲ್ಲಿ ಬೇಲು ಬಿಚ್ಚಿದಾಗ ದರ್ಜೆ ಕಟ್ಟುವುದು ಎಲೆಯ ಬಣ್ಣ, ಅದರ ಮೇಲಿನ ಕಲೆ, ಗಿಡದ ಬುಡದ್ದೋ ನಡುವಿನದ್ದೋ ತುದಿಯದ್ದೋ ಎಂಬುದನ್ನು ನೋಡಿ. ರೈತನ ವರ್ಷದ ಸಾಲ ತೀರುವುದು, ತೀರದಿರುವುದು ಆ ಕೆಲವು ನಿಮಿಷಗಳಲ್ಲಿ.